ಶಿಗ್ಗಾಂವಿಯ ಗಾಜು, ಸವಣೂರಿನ ಗಾಜು

ನಮ್ಮ ಸವಣೂರಿನ ಮಠದಲ್ಲಿ ಶ್ರಾವಣದ ಪುರಾಣ ನಡೆಯುತ್ತಿದ್ದುದು ಎರಡು ದನಿಗಳಿಂದ. ಒಂದು, ಓದುವ ಬಸವಣ್ಣೆಪ್ಪನವರದು. ಇನ್ನೊಂದು, ಹೊರಗಿನ ಕಟ್ಟೆಯ ಮೇಲೆ ಕೂತು ಪದ್ಯ ಮುಗಿದಾಗಲೊಮ್ಮೆ "ಹೂಂ" ಅನ್ನುವ ಜಮಾಲಸಾಬರದು.

ಜಮಾಲಸಾಬರದು ಪ್ಯಾಟಿಯ ಮೂಲೆಯಲ್ಲಿ ಒಂದು ಸಣ್ಣ ಅಂಗಡಿ. ಕಂದೀಲು, ಕಡ್ಡಿಪೆಟ್ಟಿಗೆ, ಸೂಜಿ, ಸಾಬೂನು. ಸಂಜೆ ನಮಾಜು ಮುಗಿಸಿ, ತಲೆಗೆ ವಸ್ತ್ರ ಸುತ್ತಿಕೊಂಡು ಬಂದು ಕೂತರೆ ಮಂಗಳಾರತಿಯವರೆಗೆ ಏಳುತ್ತಿರಲಿಲ್ಲ. ಅವರ ಹೂಂ ಎಂದೂ ಒಂದೇ ತೆರನಾಗಿರುತ್ತಿರಲಿಲ್ಲ. ಮುಂದೆ ನಡೆಯಲಿ ಎಂಬ ಹೂಂ ಬೇರೆ, ಇಲ್ಲಿ ತುಸು ನಿಲ್ಲಿ ಎಂಬ ಹೂಂ ಬೇರೆ. ಶರಣನೊಬ್ಬ ಮಗುವನ್ನು ಕಳೆದುಕೊಳ್ಳುವ ಪದ್ಯಕ್ಕೆ ಬಂದಾಗ ಅವರ ಗಂಟಲಿನಿಂದ ಬರೀ ಉಸಿರು ಬರುತ್ತಿತ್ತು. ಕಣ್ಣು ಮಂಜಾಗಿದ್ದ ಬಸವಣ್ಣೆಪ್ಪನವರಿಗೆ ಪುಸ್ತಕದಾಚೆ ಎದುರಿನ ಜನ ಕಾಣುತ್ತಿರಲಿಲ್ಲ. ಅವರು ಆ ಹೂಂ ಹಿಡಿದುಕೊಂಡೇ ನಡೆಯುತ್ತಿದ್ದರು.

ಮೂವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ದೀಪದ ಸೇವೆ ಎಲೆತೋಟದ ಚನ್ನವೀರಪ್ಪನ ಪಾಲಿಗೆ ಬಂದಿತ್ತು. ಓದುವ ಕಂದೀಲಿನ ಗಾಜು ಒಡೆಯಿತೆಂದು ಅವನು ಜಮಾಲಸಾಬರ ಅಂಗಡಿಗೆ ಹೋದ. ಐದಾಣೆ ಅಂದರು. ಹೋದ ವಾರವಷ್ಟೇ ಶಿಗ್ಗಾಂವಿಯಲ್ಲಿ ಅದೇ ಚುಕ್ಕಿ ಗುರುತಿನ ಗಾಜಿಗೆ ಮೂರಾಣೆ ಎಂದು ಕೇಳಿ ಬಂದವನು ಸಿಡಿದುಬಿಟ್ಟ. ಸವಣೂರು ನವಾಬರ ಸಂಸ್ಥಾನ, ಶಿಗ್ಗಾಂವಿ ಇಂಗ್ರೇಜಿ ಸರಕಾರದ ಮುಲುಕು, ನಡುವೆ ಸುಂಕ ವಸೂಲಿಯ ಜಕಾತಿ ಕಟ್ಟೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಅದ ಗಾಜು, ಅದ ಚುಕ್ಕಿ. ಶಿಗ್ಗಾಂವಿಂದ ಇಲ್ಲಿತನಕ ಗಾಜು ನಡಕೊಂತ ಬಂದು ದಣದೈತೇನು, ಕೂಲಿ ಕೇಳಾಕ?"

ಅಂಗಡಿಯ ಮುಂದಿದ್ದವರು ನಕ್ಕರು. ಜಮಾಲಸಾಬರು ಗಾಜನ್ನು ಒರೆಸಿ ಮುಂದಿಟ್ಟರು. "ಮಠಕ್ಕಲ್ಲೇನ್ರಿ? ಹಂಗ ಒಯ್ಯಿರಿ. ರೊಕ್ಕ ಬ್ಯಾಡ."

"ಕಳ್ಳನ ದಾನ ಮಠಕ್ಕ ಬ್ಯಾಡೋ!" ಎಂದ ಚನ್ನವೀರಪ್ಪ. ಅವರಿಗೆ ಎಂದೂ 'ರೀ' ಬಿಟ್ಟು ಮಾತಾಡಿದವನಲ್ಲ.

ಅಂದು ಸಂಜೆ ಕಟ್ಟೆ ಖಾಲಿ ಉಳಿಯಿತು. ಬಸವಣ್ಣೆಪ್ಪನವರು ಹಣತೆಯ ಬೆಳಕಿನಲ್ಲಿ ಪದ್ಯ ಹಾಡಿ ನಿಲ್ಲಿಸಿದರು, ಕಾದರು. ಮುಂದಿನ ಪದ್ಯಕ್ಕೆ ಯಾರೋ ಹಿಂದಿನಿಂದ ಹೂಂ ಅಂದರು, ಅದು ಸಾಲು ಮುಗಿಯುವ ಮೊದಲೇ ಬಂತು. ಮರುದಿನವೂ ಹಾಗೇ. ಅವರು ಪುಸ್ತಕದ ಮೇಲೆ ಕೈಯಿಟ್ಟು, "ನನಗ ದಾರಿ ತಪ್ಪಾಕತ್ತೈತಪ್ಪ. ಹಿಂಗಾದ್ರ ಈ ಸಲ ಮಂಗಲ ಹಾಡೂದು ನನ್ನ ಕೈಲೆ ಆಗಾಂಗಿಲ್ಲ" ಅಂದರು. ಮಂಗಲವಾಗದ ಪುರಾಣವನ್ನು ಊರು ಕಂಡಿರಲಿಲ್ಲ. ಎಲ್ಲರೂ ಚನ್ನವೀರಪ್ಪನ ಕಡೆ ನೋಡಿದರು. ಅವನು ಬತ್ತಿ ಸರಿಮಾಡುವ ನೆವದಲ್ಲಿ ತಲೆ ತಗ್ಗಿಸಿದ. ತಾನು ಆಡಿದ್ದು ಸುಳ್ಳಲ್ಲ ಎಂದು ತೋರಿಸಿದರೆ ಎಲ್ಲ ಸರಿಹೋದೀತು ಎಂಬುದು ಅವನ ಹಟ.

ಆ ವಾರ ಅವನು ವೀಳ್ಯದೆಲೆಯ ಪೆಂಡಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹಾನಗಲ್ಲಿನ ಸಂತೆಗೆ ಹೋದ. ವರ್ಷದ ಗಿರಾಕಿ ಗುತ್ತೆವ್ವ ಎಲೆ ತಿರುವಿ ನೋಡಿ ದರ ಕೇಳಿದಳು. ಕೇಳಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯ ಎಪ್ಪಾ! ನನ್ನ ಮಗಳನ್ನ ನಿಮ್ಮೂರಿಗೇ ಕೊಟ್ಟೇನಿ. ಅಲ್ಲೆ ಇದರ ಅರ್ಧಾ ದರ. ಎಲಿ ಅದ ಅಲ್ಲೇನು? ಇಲ್ಲಾ ಹಾನಗಲ್ಲಿಗೆ ಬಂದು ಬಂಗಾರದ್ದಾತೇನು?"

ಚನ್ನವೀರಪ್ಪನಿಗೆ ರೋಷ ಬಂತು. "ಎಲಿ ತಾನ ನಡಕೊಂತ ಬರ್ತೈತೇನಬೇ? ಚಕ್ಕಡಿ ಬಾಡಿಗಿ ಯಾರು ಕೊಡ್ತಾರ? ದಾರಿಗುಂಟ ನೀರು ಹೊಡಕೊಂತ ಬರಬೇಕು. ತಳದಾನ ಎಲಿ ಕೊಳೀತಾವು, ಅದನ್ನ ಯಾರ ತಲಿಮ್ಯಾಲ ಹಾಕ್ಲಿ? ಜಕಾತಿ ಐತಿ, ಸಂತಿ ಪಟ್ಟಿ ಐತಿ. ಉಳದದ್ದು ತಿರುಗಿ ಒಯ್ದರ ದನಾನೂ ಮೂಸಂಗಿಲ್ಲ..."

"ಅಷ್ಟು ಕಷ್ಟದ ಎಲಿ ಆದ್ರ ತಿನ್ನಬಾರ್ದೋ ಯಣ್ಣಾ, ಜಗಲಿಮ್ಯಾಲಿಟ್ಟು ಪೂಜಿ ಮಾಡಬೇಕು!" ಎಂದು ನಗುತ್ತ ಗುತ್ತೆವ್ವ ಎಲೆ ಕೊಂಡಳು. ಅವನು ನಗಲಿಲ್ಲ. ನಡೆದುಕೊಂಡು ಬರುವ ಮಾತನ್ನು ಹಿಂದೆ ಎಲ್ಲಿ ಆಡಿದ್ದೆ ಎಂಬುದು ನೆನಪಿಗೆ ಬಂದು ಕಿವಿ ಬಿಸಿಯಾಗಿತ್ತು.

ಆದರೂ ಜಿದ್ದು ಇನ್ನೂ ಪೂರಾ ಸತ್ತಿರಲಿಲ್ಲ. ತಿರುಗಿ ಬರುವಾಗ ಶಿಗ್ಗಾಂವಿಯಲ್ಲಿ ಮೂರಾಣೆಗೊಂದರಂತೆ ಆರು ಗಾಜು ಕೊಂಡ. ಮಠಕ್ಕೆ ಒಂದು ಸಾಕಿತ್ತು; ಉಳಿದವನ್ನು ಊರಲ್ಲಿ ಮೂರಾಣೆಗೇ ಕೊಟ್ಟು ತೋರಿಸುವ ಲೆಕ್ಕ ಅವನದು. ಕಟ್ಟುವುದರಲ್ಲಿ ಅವನಿಗೆ ಗೊತ್ತಿದ್ದುದು ಅಜ್ಜನ ಕಾಲದಿಂದ ಕೈಗೆ ಬಂದ ಎಲೆಪೆಂಡಿಯ ಹದವೊಂದೇ. ಹಸಿ ಬಾಳೆಪಟ್ಟೆಯಲ್ಲಿ ಒಂದಕ್ಕೊಂದು ಒತ್ತಿ, ನೀರು ಚಿಮುಕಿಸಿ, ಮೊಣಕಾಲು ಕೊಟ್ಟು ಬಿಗಿಯಾಗಿ ಬಿಗಿದ. ಎಲೆಯಾದರೆ ಹಾಗೆ ಕಟ್ಟಿದ್ದು ಪುಣೆಗೆ ಹೋದರೂ ಬಾಡುತ್ತಿರಲಿಲ್ಲ.

ಬಿಸಿಲಿಗೆ ಪಟ್ಟೆ ಒಣಗುತ್ತ ಬಿಗಿಯಿತು. ಚಕ್ಕಡಿ ಕಲ್ಲುದಾರಿ ಹಿಡಿಯಿತು. ಜಕಾತಿ ಕಟ್ಟೆಯ ಹಜರತಅಲಿ ಪೆಂಡಿ ಬಿಚ್ಚಿಸಿದಾಗ ಒಳಗೆ ಝಲ್ಲೆಂದಿತು. ಐದು ಗಾಜು ಚೂರು, ಉಳಿದದ್ದು ಒಂದು.

"ಏನ್ರಿ ಚನ್ನವೀರಪ್ಪ, ಅಡಕಿ ಮರತೀರೇನು? ಎಲ್ಲಾ ಅಗದು ಇಟ್ಟಂಗ ಆಗೇತಲ್ಲ!" ಎಂದ ಹಜರತಅಲಿ. ಇಡಿಯಾಗಿದ್ದ ಒಂದಕ್ಕಷ್ಟೇ ಜಕಾತಿ ತೆಗೆದುಕೊಂಡ.

ಚನ್ನವೀರಪ್ಪ ಮನೆಗೆ ಹೋಗಲಿಲ್ಲ. ಪ್ಯಾಟಿ ತುಂಬಿರುವ ಹೊತ್ತಿಗೇ ಜಮಾಲಸಾಬರ ಅಂಗಡಿಯ ಮುಂದೆ ಚಕ್ಕಡಿ ನಿಲ್ಲಿಸಿ, ಗಾಜನ್ನೂ ಚೂರುಗಳನ್ನೂ ಹಲಗೆಯ ಮೇಲಿಟ್ಟ.

"ಇದರ ದರ ಹೇಳ್ರಿ, ಜಮಾಲಸಾಬ್ರ."

ಜಮಾಲಸಾಬರು ಚೂರುಗಳನ್ನು ನೋಡಿದರು, ಅವನ ಮುಖವನ್ನು ನೋಡಿದರು. "ತಂದವರು ನೀವು. ನೀವ ಹೇಳಬೇಕ್ರಿ."

"ಒಂದು ರೂಪಾಯಿ ಮ್ಯಾಲ ಬಿತ್ರಿ ಇದೊಂದಕ್ಕ. ನಿಮ್ಮಲ್ಲೆ ಒಂದು ರೂಪಾಯಿಗೆ ಮೂರು ಬರ್ತಾವು." ನಿಂತ ಜನಕ್ಕೆಲ್ಲ ಕೇಳುವಂತೆ ಹೇಳಿದ. "ಅವತ್ತು ನಾ ಆಡಿದ ಮಾತು ನನ್ನ ಬಾಯಿಗೇ ತಿರುಗಿ ಬಂತು. ಕಳ್ಳ ಅಂದೆ, ತಪ್ಪಾತು. ಇಷ್ಟೆಲ್ಲಾ ದಾಟಿಸಿ, ಐದಾಣೆಕ್ಕ ಹೆಂಗ ಕೊಡ್ತೀರಿ ಮಾರಾಯ್ರ?"

ಜಮಾಲಸಾಬರು ಒಳಗಿನಿಂದ ಒಂದು ಪೆಟ್ಟಿಗೆ ಎಳೆದರು. ತುಂಬ ಭತ್ತದ ಹೊಟ್ಟು. ಕೈ ಹಾಕಿ, ನಿದ್ದೆಯ ಕೂಸನ್ನು ಎತ್ತುವ ಹಾಗೆ ಒಂದು ಗಾಜು ಎತ್ತಿದರು.

"ಎಲಿಗೆ ಬಿಗಿ ಬೇಕ್ರಿ. ಗಾಜಿಗೆ ಸಡ್ಲ ಬೇಕು. ಹಿಂಗಿದ್ದೂ ಪೆಟ್ಟಿಗಿಗೆ ಒಂದೆರಡು ಹೋಗ್ತಾವು. ಹೋದವನ್ನ ಉಳದವು ಹೊರಬೇಕು." ಚೂರುಗಳನ್ನು ಕಾಗದಕ್ಕೆ ಬಳಿದುಕೊಂಡರು. "ಕಾಲಾಗ ಚುಚ್ಚೀತು, ಇವನ್ನ ನಾ ಹೂಳತೇನಿ ಬಿಡ್ರಿ."

"ಸಂಜಿಗೆ ಬರ್ರಿ" ಎಂದ ಚನ್ನವೀರಪ್ಪ. ಅವರು ಹೂಂ ಅನ್ನಲಿಲ್ಲ.

ಸಂಜೆ ಬಸವಣ್ಣೆಪ್ಪನವರು ಪುಸ್ತಕ ಬಿಚ್ಚಿದರು. ಹೊಸ ಗಾಜಿನ ಕಂದೀಲು ನಿಚ್ಚಳವಾಗಿ ಉರಿಯುತ್ತಿತ್ತು. ಮೊದಲ ಪದ್ಯ ಹಾಡಿ ನಿಲ್ಲಿಸಿದರು.

"ಹೂಂ."

ಬಸವಣ್ಣೆಪ್ಪನವರ ಮುಖ ಕಟ್ಟೆಯ ಕಡೆ ತಿರುಗಿತು. ಮುಂದಿನ ಪದ್ಯ ಹಾಡಲಿಲ್ಲ. ಬೆರಳಿಗೆ ಎಂಜಲು ಮುಟ್ಟಿಸಿ ಹಾಳೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಜಮಾಲಸಾಬರು ಬಿಟ್ಟು ಹೋಗಿದ್ದ ಪದ್ಯದವರೆಗೆ ತಿರುವಿದರು. ಕೇಳಿದ್ದನ್ನೇ ಮತ್ತೆ ಕೇಳಬೇಕಾದರೂ ಒಬ್ಬರೂ ಏಳಲಿಲ್ಲ. ಚನ್ನವೀರಪ್ಪ ಕಂದೀಲಿಗೆ ಎಣ್ಣೆ ಹನಿಸಿ, ಬತ್ತಿಯನ್ನು ತುಸು ಮೇಲಕ್ಕೆ ಏರಿಸಿದ.