ಕೆಳಗೊಂದು ಸಹಿ

ನಮ್ಮ ಮನೆಯವರು ಚುನಾವಣೆಗೆ ನಿಲ್ಲುತ್ತೇನೆ ಅಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ಮನುಷ್ಯನ ತಲೆಯೊಳಗೆ ಒಂದು ವಿಚಾರ ಹೊಕ್ಕರೆ ಅದು ತಾನಾಗಿಯೇ ಹೊರಗೆ ಬರಬೇಕು, ಹೆಂಡತಿ ಹೇಳಿದರೆ ಬರುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಲಿತದ್ದು ಅದೊಂದೇ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ರಾಜ್ಯದ ತುಂಬ ವಿಧಾನ ಪರಿಷತ್ತಿನ ಚುನಾವಣೆ ಬಂದಿತ್ತು. ನಮ್ಮ ಭಾಗದಲ್ಲಿ ಶಿಕ್ಷಕರ ಕ್ಷೇತ್ರದ್ದು. ಹೈಸ್ಕೂಲು, ಕಾಲೇಜಿನ ಮಾಸ್ತರರಿಗೆ ಮಾತ್ರ ಓಟು. ಹಣಮಂತರಾಯರು ಹಾಲಿ ಸದಸ್ಯರು. ಅವರು ಕೆಟ್ಟವರೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಗುತ್ತ ಮಾತಾಡಿಸುವವರು, ಹೆಗಲ ಮೇಲೆ ಕೈ ಹಾಕುವವರು. ಆದರೆ ಅವರ ಮಾತು ಮೀರಿದ ಸರಕಾರಿ ಮಾಸ್ತರ ಮುಂದಿನ ಜೂನ್ ತಿಂಗಳಿಗೆ ಎಲ್ಲೋ ದೂರದ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ವಾಡಿಯ ಡ್ರಾಯಿಂಗ್ ಮಾಸ್ತರನೊಬ್ಬ ಹಾಗೆ ವರ್ಗವಾಗಿ ಹೋದವನು ತಾಯಿ ಸತ್ತಾಗ ಮಣ್ಣಿಗೂ ಸಿಗಲಿಲ್ಲ. ಇವರು ನಿಲ್ಲುತ್ತೇನೆಂದು ಹೊರಟದ್ದು ಆ ಮಣ್ಣಿನಿಂದ ತಿರುಗಿ ಬಂದ ಮೇಲೆಯೇ.

ನಮ್ಮವರ ಹೆಸರು ಕಲ್ಯಾಣಪ್ಪ. ಸೇಡಂನಲ್ಲಿ ಒಂದು ಸಂಸ್ಥೆಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ನಾನು ಅದೇ ಸಂಸ್ಥೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಸಂಸ್ಥೆಯ ಶಾಲೆಯಾದ್ದರಿಂದ ನಮ್ಮನ್ನು ಯಾವ ಸರಕಾರವೂ ವರ್ಗ ಮಾಡುವಂತಿರಲಿಲ್ಲ. ಸರಕಾರಿ ಮಾಸ್ತರರಿಗೆ ಚುನಾವಣೆಗೆ ನಿಲ್ಲಲು ಬರುವುದಿಲ್ಲ, ನಿಲ್ಲಬಲ್ಲ ನಮ್ಮಂಥವರಿಗೆ ಉಸಾಬರಿ ಬೇಡ. ಉಸಾಬರಿ ಬೇಕಾದವರು ಇಡೀ ತಾಲ್ಲೂಕಿಗೆ ಒಬ್ಬರೇ ಇದ್ದರು, ಅವರನ್ನು ನನಗೆ ಕಟ್ಟಿದ್ದರು.

ಆ ಬೇಸಿಗೆ ಪೂರ್ತಿ ಬಸ್ಸಿನಲ್ಲೇ ಹೋಯಿತು. ಶಹಾಬಾದದಲ್ಲಿ ಕಲ್ಲಿನ ಧೂಳು, ವಾಡಿಯಲ್ಲಿ ಸಿಮೆಂಟಿನ ಧೂಳು, ಚಿಂಚೋಳಿ ದಾರಿಯಲ್ಲಿ ಬರೀ ಧೂಳು. ಮಾಸ್ತರರು ನಮ್ಮನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ಮಾಡಿ, ಓಟು ನಿಮಗೇ ಅನ್ನುತ್ತಿದ್ದರು. ಅದೇ ಮಾಸ್ತರರು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸಿ ಬಸ್ಸಿನ ಬೋರ್ಡು ಓದುತ್ತಿದ್ದರು. ಐನಾಪುರದ ನರಸಪ್ಪನಂತೂ ನಮ್ಮನ್ನು ಹಿತ್ತಲ ಬಾಗಿಲಿನಿಂದ ಕಳಿಸಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚಿಂಚೋಳಿಯ ಸರಕಾರಿ ಶಾಲೆಗೆ ದಿನಾ ಸೈಕಲ್ ತುಳಿದು ಹೋಗಿಬಂದು, ಊರಿನ ಹೊಲವನ್ನೂ ನೋಡಿಕೊಳ್ಳುತ್ತಿದ್ದವನು. ಬೇರೆ ಜಿಲ್ಲೆಗೆ ಎತ್ತಿ ಒಗೆದರೆ ಹೊಲ ಬೀಳುಬೀಳುತ್ತಿತ್ತು.

ಬಾಗಿಲು ತೆರೆದಿಟ್ಟೇ ನಮ್ಮನ್ನು ಊಟಕ್ಕೆ ಕೂರಿಸಿದವಳು ಚಿತ್ತಾಪುರದ ಸಾಬಮ್ಮ ಒಬ್ಬಳೇ. ಅವಳೂ ಸರಕಾರಿ ಶಾಲೆಯವಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಮದುವೆಯ ಮಾತೇ ಬಿಟ್ಟಿದ್ದಳು. ನನಗೆ ಅಕ್ಕ ಅನ್ನುತ್ತಿದ್ದಳು, ಇವರಿಗೆ ಅಣ್ಣಾರ ಅನ್ನುತ್ತಿದ್ದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಬೀದಿಗೆ ಕೇಳುವ ಹಾಗೆ ಅಣ್ಣಾರು ಗೆಲ್ಲಬೇಕು ಅಂದಾಗ ನನಗೇ ಭಯವಾಗಿ, ಬಾಗಿಲು ಹಾಕವ್ವ ಅಂದೆ.

ಇನ್ನು ಇವರ ಬಲ ಎಂದರೆ ಪೇಪರು ತಿದ್ದುವ ಕೇಂದ್ರ. ಪ್ರತಿ ಬೇಸಿಗೆ ಎಸ್ಸೆಸ್ಸೆಲ್ಸಿ ಕನ್ನಡದ ಪೇಪರು ತಿದ್ದಲು ಈ ತಾಲ್ಲೂಕುಗಳ ಕನ್ನಡ ಮಾಸ್ತರರೆಲ್ಲ, ನರಸಪ್ಪ, ಸಾಬಮ್ಮ ಕೂಡ, ಗುಲಬರ್ಗಾದಲ್ಲಿ ಸೇರುತ್ತಿದ್ದರು. ಇವರು ಅಲ್ಲಿ ಮುಖ್ಯ ಪರೀಕ್ಷಕರು. ಅಂಕಿ ಬರೆದ ಕಡೆಯಲ್ಲೆಲ್ಲ ಕೆಳಗೆ ತಿದ್ದಿದವರ ಚಿಕ್ಕ ಸಹಿ ಇರಬೇಕೆಂಬುದು ಇವರ ಕಟ್ಟಾಜ್ಞೆ. ಸಹಿ ಇಲ್ಲದ ಅಂಕಿ ಅಂಕಿಯೇ ಅಲ್ಲ ಅಂತ ಪೇಪರು ವಾಪಸು ಒಗೆಯುತ್ತಿದ್ದರು. ಮನೆಯಲ್ಲಿ ನಾನು ಹಾಲಿನ ಲೆಕ್ಕ ಗೋಡೆಯ ಮೇಲೆ ಬರೆದರೆ, ಕೆಳಗೆ ಸಹಿ ಎಲ್ಲಿ ಎಂದು ಕೇಳುವ ಪೈಕಿ. ಆ ವರ್ಷ ಪೇಪರು ತಿದ್ದುವುದು ಮುಗಿದ ಬೆನ್ನಿಗೇ ಓಟಿನ ದಿನ ಬಂತು. ಎಲ್ಲರೂ ಒಂದೇ ಕಡೆ ಸಿಕ್ಕರು, ನಮ್ಮ ಅದೃಷ್ಟ ಎಂದು ಇವರು ಹಿಗ್ಗಿದರು. ಈ ಓಟಿಗೆ ಸಿಕ್ಕೆ ಒತ್ತುವುದಿಲ್ಲ, ನನ್ನ ಹೆಸರಿನ ಮುಂದೆ ಒಂದು ಅಂತ ಅಂಕಿ ಬರೆಯಿರಿ, ಅಷ್ಟೇ, ಎಂದು ಎಲ್ಲರಿಗೂ ಹೇಳಿದರು. ಎಲ್ಲರೂ ತಲೆಯಾಡಿಸಿದರು.

ಎಣಿಕೆಯ ದಿನ ಇವರ ಪರವಾಗಿ ಮೇಜಿನ ಮುಂದೆ ಕೂರಲು ಒಬ್ಬರೂ ಬರಲಿಲ್ಲ. ಒಬ್ಬರ ಮಗಳಿಗೆ ಜ್ವರ, ಇನ್ನೊಬ್ಬರ ಮನೆಯಲ್ಲಿ ಸೀಮಂತ. ಕೊನೆಗೆ ಏಜೆಂಟಾಗಿ ಗಂಡಸರ ನಡುವೆ ಸೆರಗು ಹೊದ್ದು ನಾನೇ ಕೂತೆ. ಹಣಮಂತರಾಯರ ಕಡೆಯಿಂದ ನನ್ನ ಎದುರಿಗೆ ಕೂತವನು ಸೂಗಪ್ಪ. ಮಾಸ್ತರರ ಪಗಾರದ ಬಿಲ್ಲು ನೋಡಿ ನೋಡಿಯೇ ನಿವೃತ್ತನಾದ ಗುಮಾಸ್ತ. ಈ ಭಾಗದಲ್ಲಿ ಅವನಿಗೆ ಪರಿಚಯವಿಲ್ಲದ ಮಾಸ್ತರನ ಸಹಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಕಡೆಯ ಓಟು ಹೆಚ್ಚುಕಡಿಮೆ ಸಮ ಬರುತ್ತಿದ್ದವು. ಸೂಗಪ್ಪ ಎಲೆ ಹಾಕಿಕೊಂಡು ಬರಲು ಹೊರಗೆ ಹೋಗಿದ್ದ. ಎಣಿಸುವ ಗುಮಾಸ್ತ ಒಂದೊಂದಾಗಿ ಚೀಟಿ ತೆಗೆದು, ನನಗೆ ತೋರಿಸಿ, ಬೋರಲಾಗಿ ಬೇರೆ ಇಡಲು ಶುರುಮಾಡಿದ. ನೋಡಿದೆ. ಕಲ್ಯಾಣಪ್ಪ ಎಂಬ ಹೆಸರಿನ ಮುಂದೆ ದುಂಡಗೆ ಒಂದು ಎಂಬ ಅಂಕಿ. ಅದರ ಕೆಳಗೆ ಚಿಕ್ಕದಾಗಿ ನರಸಪ್ಪನ ಸಹಿ. ಬೇಸಿಗೆ ಬೇಸಿಗೆ ಇವರ ಅಂಕಪಟ್ಟಿಗಳ ಮೊತ್ತ ಕೂಡಿಸಿಕೊಟ್ಟ ನನಗೆ ಆ ಸಹಿಗಳೆಲ್ಲ ಪರಿಚಯ. ಇನ್ನೊಂದು ಚೀಟಿಯಲ್ಲಿ ಅಂಕಿ, ಕೆಳಗೆ ಮತ್ತೊಬ್ಬರ ಸಹಿ. ಮಗದೊಂದರಲ್ಲಿ, ಬಾಲ ಎಳೆದ ಸಾಬಮ್ಮನ ಸಹಿ. ವರ್ಷವರ್ಷ ಇವರ ಹತ್ತಿರ ಬೈಸಿಕೊಂಡು ಕಲಿತ ಕೈಗಳು, ಇವರ ಮೇಲಿನ ಪ್ರೀತಿಗೇ ಸಹಿ ಮಾಡಿಬಿಟ್ಟಿದ್ದವು. ಯಾರು ಹಾಕಿದ್ದೆಂದು ಗುರುತಾಗುವ ಚೀಟಿ ಎಣಿಕೆಗೆ ನಡೆಯುವುದಿಲ್ಲ. ಅಂಥದಕ್ಕೆ ಕುಲಗೆಟ್ಟ ಮತ ಅನ್ನುತ್ತಾರೆ. ಹೆಸರಿಟ್ಟವನ ಬಾಯಿಗೆ ಹುಳ ಬೀಳಲಿ ಅನಿಸಿತು.

ಸೂಗಪ್ಪ ಬಾಯಿ ಕೆಂಪು ಮಾಡಿಕೊಂಡು ತಿರುಗಿ ಬರುವಷ್ಟರಲ್ಲಿ ಆ ಚೀಟಿಗಳಿಗೆ ದಾರ ಸುತ್ತಿ ಚುನಾವಣಾಧಿಕಾರಿಯ ಮುಂದೆ ಇಟ್ಟಾಗಿತ್ತು. ಎಣಿಕೆ ಮುಗಿದಾಗ ಹಣಮಂತರಾಯರು ಸ್ವಲ್ಪವೇ ಮುಂದಿದ್ದರು. ಅವರಿಗಿದ್ದ ಹೆಚ್ಚಳಕ್ಕಿಂತ ಆ ಕಟ್ಟು ದಪ್ಪಗಿತ್ತು.

ಅಧಿಕಾರಿ ಬೇರೆ ಕಡೆಯಿಂದ ಬಂದ ಹುಡುಗ ಪ್ರಾಯದವರು, ಸಭ್ಯಸ್ತರು. ಇಬ್ಬರು ಅಭ್ಯರ್ಥಿಗಳನ್ನೂ ಕರೆದು ಹೇಳಿದರು:

“ಇವು ನಡೆಯುವುದಿಲ್ಲ ಅಂತ ನನ್ನ ಅಭಿಪ್ರಾಯ. ತಕರಾರು ಇದ್ದರೆ ಹೇಳಿ, ಒಂದೊಂದನ್ನೂ ಎರಡೂ ಕಡೆಯವರ ಮುಂದೆ ಹಿಡಿದು ನೋಡೋಣ. ಬರೀ ಗೀಚು ಅನ್ನಿಸಿದರೆ ಎಣಿಕೆಗೆ ತೆಗೆದುಕೊಳ್ಳುತ್ತೇನೆ.”

ಹಣಮಂತರಾಯರಿಗೆ ಕಟ್ಟಿನೊಳಗೆ ಏನಿದೆಯೆಂದು ಗೊತ್ತಿರಲಿಲ್ಲ. ಮುಂದಿದ್ದವರು ಬಿಚ್ಚಿಸಿ ನೋಡುವ ಗೋಜಿಗೆ ಯಾಕೆ ಹೋಗುತ್ತಾರೆ, ತಮ್ಮದೇನೂ ತಕರಾರಿಲ್ಲ ಅಂದರು. ಇವರು ಸ್ವಲ್ಪ ಸಮಯ ಬೇಕೆಂದು ಕೇಳಿ, ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ನಾನು ಕಂಡದ್ದನ್ನು ಹೇಳಿದೆ. ಮುಖ್ಯ ಪರೀಕ್ಷಕರ ಮುಖ ಬಿಳಿಚಿಕೊಂಡಿತು.

“ತಕರಾರು ಅದ ಅನ್ರಿ,” ಅಂದೆ. “ಅರ್ಧ ಹಿಡಿದರೂ ನೀವು ಗೆಲ್ತೀರಿ.”

“ಯಾರ್ಯಾರದು ನೋಡೀದಿ?”

“ನರಸಪ್ಪಂದು ನೋಡೀನಿ. ಸಾಬಮ್ಮಂದೂ ಅದ.”

“ನಿನಗ ಗುರ್ತು ಸಿಕ್ಕಾದ. ಸೂಗಪ್ಪಗ ಸಿಗಂಗಿಲ್ಲೇನು?”

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಬೇಸಿಗೆ ಧೂಳು ತಿಂದದ್ದು, ಹಿತ್ತಲ ಬಾಗಿಲಿನಿಂದ ಹೊರಬಿದ್ದದ್ದು, ಗಂಡಸರ ನಡುವೆ ಹೀಗೆ ಕೂತದ್ದು ಎಲ್ಲ ಒಟ್ಟಿಗೆ ಬಂತು. ಗುರುತು ಸಿಕ್ಕರೆ ಸಿಗಲಿ, ನೀವು ಗೆದ್ದ ಮೇಲೆ ಅವರೇನು ಮಾಡುತ್ತಾರೆ ಅಂದೆ. ಒಂದು ಸಲವಾದರೂ ನಿಮ್ಮದನ್ನು ನೀವು ಕೇಳಿ ಇಸಿದುಕೊಳ್ಳಿ ಅಂದೆ. ಇವರು ಪಾಠ ಹೇಳುವ ದನಿಯಲ್ಲೇ ಹೇಳಿದರು.

“ಇದು ನರಸಪ್ಪನ ಸಹಿ ಅಂತ ಸೂಗಪ್ಪ ಬಾಯಿ ಬಿಟ್ಟ ಅಂದರ ಅದು ಗುರ್ತು ಆಯ್ತು. ಓಟೂ ಹೋಯ್ತು, ನರಸಪ್ಪನೂ ಹೋದ. ಒಂದೂ ಉಳಿಯಂಗಿಲ್ಲ. ಸಾಬಮ್ಮ ಆ ಮುದುಕೀನ ಹೊತ್ಕೊಂಡು ಎಲ್ಲಿಗೆ ಹೋಗ್ಬೇಕು?”

ಗಣಿತದವಳು ನಾನು. ಲೆಕ್ಕ ಇವರದೇ ಸರಿ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇವರು ಹೋಗಿ ತಕರಾರಿಲ್ಲ ಅಂದರು. ಅಧಿಕಾರಿ ಒಂದು ಗಳಿಗೆ ಇವರ ಮುಖ ನೋಡಿದರು, ಆಮೇಲೆ ಕಟ್ಟನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಹೊರಗೆ ಪಟಾಕಿ ಹಾರಿದವು. ಹಣಮಂತರಾಯರು ಹೂವಿನ ಹಾರದೊಂದಿಗೇ ಬಂದು ಇವರ ಹೆಗಲ ಮೇಲೆ ಕೈ ಹಾಕಿ, ಒಳ್ಳೆಯ ಪೈಪೋಟಿ ಕೊಟ್ಟಿರಿ ಮಾಸ್ತರೇ ಅಂದರು. ಇವರು ಕೈ ಮುಗಿದರು.

ಸೇಡಂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಇವರು ಕಣ್ಣು ಮುಚ್ಚಿದ್ದರು. ನೀವೂ ನಿಮ್ಮ ಓಟಿಗೆ ಸಹಿ ಮಾಡಿದ್ದಿರೇನು ಅಂತ ಕೇಳಿದೆ. ನಿದ್ದೆ ಬಂದವರ ಹಾಗೆ ತಲೆಯನ್ನು ಕಿಟಕಿಗೆ ಆನಿಸಿದರು. ನನಗೆ ಗೊತ್ತು, ನಿದ್ದೆ ಬಂದಿರಲಿಲ್ಲ.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಕಟ್ಟು ಬಿಚ್ಚಿಸಿದ್ದರೆ ಗೆಲ್ಲುತ್ತಿದ್ದರಂತೆ, ಬಿಚ್ಚಿಸಲಿಲ್ಲವಂತೆ, ಕೈ ಮುಗಿದರಂತೆ. ಅಷ್ಟಕ್ಕೆ ಬಾಲ ಮೂಡಲು ಹೊತ್ತು ಹಿಡಿಯಲಿಲ್ಲ. ಹೆಡ್‌ಮಾಸ್ತರಿಕೆಗೆ ಒಪ್ಪಿಕೊಂಡರು ಎಂದು ಒಬ್ಬರು, ಹಣಮಂತರಾಯರು ಮನೆಗೆ ಬಂದು ದುಡ್ಡು ಕೊಟ್ಟು ಹೋದರು ಎಂದು ಇನ್ನೊಬ್ಬರು. ಬಾಗಿಲು ಮುಚ್ಚಿ ಭರವಸೆ ಕೊಟ್ಟಿದ್ದವರೇ ಈಗ ಬಾಗಿಲು ತೆರೆದು ಬೈದರು. ಇವರು ಯಾರಿಗೂ ಏನೂ ಹೇಳಲಿಲ್ಲ, ನನ್ನಿಂದಲೂ ಮಾತು ತೆಗೆದುಕೊಂಡರು. ಒಬ್ಬರಿಗೆ ತಿಳಿದರೆ ಸೂಗಪ್ಪನಿಗೆ ತಿಳಿದಂತೆಯೇ ಅಂದರು. ಇವರು ಹೇಗೋ ತಡೆದುಕೊಂಡರು. ನಾನು ದಿನಾ ಒಳಗೊಳಗೇ ಕುದಿದೆ, ಕುದಿದು ಕುದಿದು ದಣಿದೆ.

ಜೂನ್ ಹೋಗಿ ಜುಲೈ ಬಂದರೂ ಯಾರಿಗೂ ವರ್ಗದ ಆರ್ಡರು ಬರಲಿಲ್ಲ. ನರಸಪ್ಪ ಐನಾಪುರದ ಹೊಲದಲ್ಲಿ ತೊಗರಿ ಬಿತ್ತಿದನೆಂದು ಕೇಳಿದೆ. ಬಾಯಲ್ಲಿ ಯಾರು ಏನೇ ಅಂದಿರಲಿ, ಓಟು ಯಾರು ಯಾರಿಗೆ ಹಾಕಿದರೆಂದು ಗೊತ್ತಿಲ್ಲದೆ ಹಣಮಂತರಾಯರಿಗೆ ಯಾರ ಮೇಲೆ ದ್ವೇಷ ಸಾಧಿಸಬೇಕೋ ತಿಳಿಯದು.

ಒಂದು ಶನಿವಾರ ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಾಬಮ್ಮ ಸಿಕ್ಕಳು. ಚುನಾವಣೆಯಾದ ಮೇಲೆ ಅವಳು ನಮ್ಮ ಕಡೆ ತಿರುಗಿಯೂ ನೋಡಿರಲಿಲ್ಲ. ಆ ದಿನ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ತಾಯಿಗೆ ಹೇಗಿದೆ ಅಂದೆ. ಹಾಗೇ ಇದೆ, ತಾನು ಹತ್ತಿರ ಇರುವುದಕ್ಕೆ ನಡೆದಿದೆ ಅಂದಳು. ಆಮೇಲೆ ಅವಳ ಬಾಯಿ ತಡೆಯಲಿಲ್ಲ.

“ತಪ್ಪು ತಿಳಿಬ್ಯಾಡಕ್ಕ. ಅಣ್ಣಾರ ಮ್ಯಾಲ ಭಾಳ ನಂಬಿಕಿ ಇಟ್ಟಿದ್ದೆ. ಅವರು ಒಂದು ಮಾತೂ ಕೇಳದ ಬಂದಾರಂತ. ನಾವರ ಸುಮ್ಮನ ಅಂಜಿ ಸತ್ವಿ. ಹಣಮಂತರಾಯರು ಯಾರಿಗಿ ಏನು ಮಾಡ್ಯಾರ ಹೇಳು? ಒಬ್ಬರನ್ನೂ ಮುಟ್ಟಿಲ್ಲ. ದೊಡ್ಡ ಮನಸ್ಸು ಅವರದು. ಮುಂದಿನ ಸಲ ನನ್ನ ಓಟು ಅವರಿಗೇ.”

ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವಳು ಅಲ್ಲೇ ಕುಸಿದು ಕೂರುತ್ತಿದ್ದಳು, ಸಂಜೆಯೊಳಗೆ ಆ ದೊಡ್ಡ ದನಿಯಲ್ಲಿ ಊರಿಗೆಲ್ಲ ಹೇಳಿ ಅಳುತ್ತಿದ್ದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ನಾನು ಅವಳ ಭುಜ ಹಿಡಿದೆ.

“ಹಾಕವ್ವ, ಅವರಿಗೇ ಹಾಕು,” ಅಂದೆ. “ಹಾಕಿದ ಮ್ಯಾಲ ಕೆಳಗ ಸಹಿ ಮಾಡೋದು ಮಾತ್ರ ಮರೀಬ್ಯಾಡ.”

“ಅದನ್ನ ಹ್ಯಾಂಗ ಮರೀತೀನಕ್ಕ,” ಅಂದು ಸಾಬಮ್ಮ ಬಸ್ಸು ಹತ್ತಿದಳು.