ಪದ್ಮಾಕ್ಷಿ ಆಡದ ಮಾತುಗಳು

ನಾನು ಒಂದು ಆಟ. ಟೀವಿಗೆ ಜೋಡಿಸಿದ ಯಂತ್ರದೊಳಗೆ ತಟ್ಟೆ ತೂರಿಸಿದರೆ ಎಚ್ಚರಾಗುವ ಗೂಢಚಾರನ ಆಟ. ಎರಡು ಸಲ ಹುಟ್ಟಿದ್ದೇನೆ.

ಮೊದಲ ಸಲ ಹುಟ್ಟಿದ್ದು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ, 'ಏಳನೇ ಸಂಕೇತ' ಎಂಬ ಸಿನಿಮಾ ಭರ್ಜರಿಯಾಗಿ ಓಡಿದ ವರ್ಷ. ಸಿನಿಮಾದಲ್ಲಿ ಜನ ಗೂಢಚಾರನನ್ನು ನೋಡಿದರು. ನನ್ನೊಳಗೆ ಬಂದು ತಾವೇ ಗೂಢಚಾರರಾದರು. ಅವನ ಮುಖ ಕಾಣುವುದಿಲ್ಲ. ಎರಡು ಕೈ, ಒಂದು ಬಂದೂಕು, ಎದುರಿಗೆ ಶತ್ರುವಿನ ಓಣಿಗಳು. ಜೊತೆಗೆ ಕಿವಿಯಲ್ಲಿ ಒಬ್ಬ ಹೆಂಗಸಿನ ದನಿ. ದೂರದ ಕಚೇರಿಯಿಂದ ವೈರ್‌ಲೆಸ್‌ನಲ್ಲಿ ದಾರಿ ಹೇಳುವ ಅಧಿಕಾರಿ ಆಕೆ. "ಬಾಗಿಲ ಹಿಂದೆ ಇಬ್ಬರಿದ್ದಾರೆ. ಉಸಿರು ಬಿಗಿಹಿಡಿ."

ಆ ದನಿ ಧಾರವಾಡದ ಪದ್ಮಾಕ್ಷಿ ಕಮತಗಿಯದು. ನಾಟಕ ಕಂಪನಿಯವರ ಮನೆಯಲ್ಲಿ ಹುಟ್ಟಿ, ಸಿನಿಮಾಗಳಿಗೆ ಕಂಠದಾನ ಮಾಡಿ ಬದುಕಿದಾಕೆ. ನನಗಾಗಿ ಎರಡು ದಿನ ಗಾಜಿನ ಕೋಣೆಯಲ್ಲಿ ನಿಂತು ಅರವತ್ತು ಮಾತು ಆಡಿದ್ದಳು.

ಹದಿನೆಂಟು ವರ್ಷ ಕಳೆಯಿತು. ನನ್ನನ್ನು ಓಡಿಸುವ ಯಂತ್ರಗಳೆಲ್ಲ ಗುಜರಿಗೆ ಹೋದವು. ನಾನು ಸತ್ತಂತೆಯೇ. ಆಗ ಅದೇ ಕಂಪನಿಯ ನಾಜಿಮಾ ಎಂಬ ಹುಡುಗಿ ನನ್ನನ್ನು ಮತ್ತೆ ಕಟ್ಟಲು ಕೂತಳು. ಗೋಡೆಗೆ ಪಾಚಿ ಹಚ್ಚಿದಳು, ನೀರಿಗೆ ಅಲೆ ಕೊಟ್ಟಳು, ಗೂಢಚಾರನ ಉಗುರಿನಲ್ಲಿ ಮಣ್ಣು ಕೂಡ ಬರೆದಳು. ಮೂರು ಹೊಸ ಹಂತಗಳನ್ನೂ ಸೇರಿಸಿದಳು. ಹೊಸ ಹಂತಕ್ಕೆ ಹೊಸ ಮಾತು ಬೇಕಲ್ಲ? ಪದ್ಮಾಕ್ಷಿಯನ್ನು ಹುಡುಕಿಕೊಂಡು ಧಾರವಾಡಕ್ಕೆ ಹೋದಳು.

ಬಾಗಿಲು ತೆಗೆದವನು ಗಂಡ ವೀರಭದ್ರಪ್ಪ, ನಿವೃತ್ತ ಬಸ್ ಡ್ರೈವರ್. ಹಿಂದೆ ಪದ್ಮಾಕ್ಷಿ ನಿಂತಿದ್ದಳು, ಕೊರಳಿಗೆ ಹತ್ತಿಬಟ್ಟೆ ಸುತ್ತಿಕೊಂಡು. ಗಂಟಲಲ್ಲಿ ಗಡ್ಡೆ ಬೆಳೆದು, ಜೀವ ಉಳಿಸಲು ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದು ಎರಡು ವರ್ಷವಾಗಿತ್ತು.

ನಾಜಿಮಾ ತಡವರಿಸುತ್ತ ಕೇಳಿದಳು. "ಹಳೇ ಮಾತು ಬಳಸಬಹುದಾ ಅಮ್ಮಾ? ಹೊಸವನ್ನ... ನಿಮ್ಮ ಹಳೇ ದನಿ ಕೇಳಿಸಿದರೆ ಕಂಪ್ಯೂಟರೇ ಅದೇ ದನಿಯಲ್ಲಿ ಹೊಸ ಮಾತು ಹುಟ್ಟಿಸುತ್ತೆ."

ಪದ್ಮಾಕ್ಷಿ ಪಾಟಿ, ಸುಣ್ಣದಕಡ್ಡಿ ತೆಗೆದುಕೊಂಡು ಬರೆದಳು: "ಹಳೇವು ನಾ ಆಡಿದ್ದು, ಬಳಸ್ರಿ. ಆಡದ್ದು ಬ್ಯಾಡ."

ಮೈಸೂರಿನ ಯಜಮಾನ ಸಂಪತ್ಕುಮಾರ ಇದನ್ನು ಕೇಳಿ ನಕ್ಕುಬಿಟ್ಟ. "ಆಯಮ್ಮ ಈ ಆಟ ಆಡ್ತಾಳೇನು? ಮಾಡಮ್ಮ, ಮಾಡು." ನಾಜಿಮಾ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಮಾಡಿದಳು. ಹೀಗೆ ನನ್ನೊಳಗೆ ಮುನ್ನೂರು ಹನ್ನೆರಡು ಕಳ್ಳ ಮಾತು ಸೇರಿದವು.

ಬಿಡುಗಡೆಯ ವಾರ, ಗೌರವದ ಕಾಣಿಕೆಯೆಂದು ಒಂದು ಯಂತ್ರವೂ ನಾನೂ ಧಾರವಾಡದ ಆ ಮನೆಗೆ ಹೋದೆವು. ಟೀವಿ ತಗ್ಗಿನ ಮಣೆಯ ಮೇಲಿತ್ತು. ಅಲ್ಲಿಂದ ನೋಡಿದರೆ ವೀರಭದ್ರಪ್ಪನ ಮೊಣಕಾಲು, ಅವುಗಳ ಮೇಲೆ ಗುಂಡಿಗಳಿದ್ದ ಹಿಡಿಕೆ, ಮೇಲೆಲ್ಲೋ ಅವನ ಮುಖ. ಬಸ್ಸಿನ ಸ್ಟೇರಿಂಗಿನ ಹಾಗೆ ಹಿಡಿಕೆಯನ್ನೇ ತಿರುಗಿಸುತ್ತಿದ್ದ. ಗೂಢಚಾರ ಹೋಗಿ ಗೋಡೆಗೆ ಗುದ್ದಿಕೊಳ್ಳುತ್ತಿದ್ದ.

ಒಂದು ದಿನ ಅವನಿಗೆ ಒಂದು ಸಂಗತಿ ತಿಳಿಯಿತು. ಹೊಸ ಹಂತದಲ್ಲಿ ಗೂಢಚಾರ ಸುಮ್ಮನೆ ನಿಂತರೆ ದನಿ ತಾನಾಗಿ ಮಾತಾಡುತ್ತದೆ. "ಯಾಕೆ ನಿಂತೆ? ಹೆದರಬೇಡ, ನಾನಿದ್ದೇನೆ." ಮತ್ತೂ ನಿಂತರೆ, "ನನ್ನ ಮಾತು ಕೇಳಿಸುತ್ತಿದೆಯೇ?"

ಅಂದಿನಿಂದ ಅವನು ಆಡುವುದನ್ನೇ ಬಿಟ್ಟ. ಹೆಂಡತಿ ಸಂತೆಗೆ ಹೋದಾಗ ಗೂಢಚಾರನನ್ನು ಒಂದು ಉಪ್ಪಿನ ಗೋದಾಮಿನ ಮೂಲೆಯಲ್ಲಿ ನಿಲ್ಲಿಸಿ ಕೂರುತ್ತಿದ್ದ. "ಕೇಳಸ್ತದ," ಎನ್ನುತ್ತಿದ್ದ ಟೀವಿಗೆ. "ಕೇಳಸ್ತದ, ಹೇಳು." ನಾನು ಹೇಳುತ್ತಿದ್ದೆ. ನನಗೆ ಬರುವುದು ಅದೊಂದೇ.

ಒಂದು ಮಧ್ಯಾಹ್ನ ಪದ್ಮಾಕ್ಷಿ ಬೇಗ ಬಂದಳು. ಕೈಯಲ್ಲಿ ಮೆಂತ್ಯದ ಕಟ್ಟು. ಬಾಗಿಲಲ್ಲೇ ನಿಂತು ಮೂರು ಸಲ ಕೇಳಿಸಿಕೊಂಡಳು. ಆಮೇಲೆ ಪಾಟಿ ತಂದಳು. "ಇದು ನಾ ಆಡಿಲ್ಲ."

"ಗೊತ್ತೈತಿ," ಎಂದ ವೀರಭದ್ರಪ್ಪ. ಎದ್ದು ನಿಲ್ಲಲೂ ಇಲ್ಲ. "ಆದ್ರ ದನಿ ನಿಂದಲ್ಲೇನು?"

ಅವಳು ಒರೆಸಿ ಬರೆದಳು. ಸುಣ್ಣದಕಡ್ಡಿ ಮುರಿಯಿತು. "ಮನ್ಯಾಗ ನಾ ಹಿಂಗ ಮಾತಾಡತಿದ್ನೇನು? ಹೆದರಬೇಡ, ನಾನಿದ್ದೇನೆ ಅಂತ?"

"ಇಲ್ಲ." ಅವನು ಹಿಡಿಕೆಯನ್ನು ಕೆಳಗಿಟ್ಟ. "ನಿನ್ನ ದನಿ ಹೆಂಗಿತ್ತಂಬೋದು ಮರತು ಹೊಂಟಿತ್ತು, ಪದ್ದಿ. ಮಗ್ಗಲದಾಗ ನೀ ಇರ್ತಿ, ನಾ ಮರೀಲಿಕ್ಕತ್ತಿದ್ದೆ. ಅಂಜಿಕಿ ಬಂತು."

ಅವಳು ಮೆಂತ್ಯದ ಕಟ್ಟನ್ನು ನೆಲಕ್ಕಿಟ್ಟು ಗೋಡೆಗೊರಗಿ ಕೂತಳು. ಗೋದಾಮಿನ ಮೂಲೆಯಿಂದ ನಾನು ಕೇಳಿದೆ: "ನನ್ನ ಮಾತು ಕೇಳಿಸುತ್ತಿದೆಯೇ?" ಆ ಹೊತ್ತಿನಲ್ಲಿ ನನ್ನ ಬಾಯಿ ಮುಚ್ಚುವ ಶಕ್ತಿ ನನಗಿರಲಿಲ್ಲ.

ಪದ್ಮಾಕ್ಷಿ ಕಂಪನಿಗೆ ಒಂದೇ ಸಾಲಿನ ಕಾಗದ ಬರೆದಳು. ಓದಿದ ನಾಜಿಮಾ ಯಜಮಾನನ ಎದುರು ನಿಂತು, "ಆ ಮಾತುಗಳನ್ನ ತೆಗೀತೀನಿ, ಇಲ್ಲ ನಾನೇ ಹೋಗ್ತೀನಿ," ಎಂದಳು. ತೆಗೆದಳು. ಆಮೇಲೆ ಅವಳನ್ನೂ ಕೆಲಸದಿಂದ ತೆಗೆದರು. ಕಳ್ಳ ಮಾತುಗಳನ್ನು ಅಳಿಸುವ ಹೊಸ ಆವೃತ್ತಿ ಎಲ್ಲರ ಮನೆಗೂ ಇಂಟರ್ನೆಟ್ ಮೂಲಕ ಬಂತು, ಧಾರವಾಡಕ್ಕೂ. ಆದರೆ ಪ್ರತಿ ಮನೆಯಲ್ಲೂ ಆಡುವವರೇ ಗುಂಡಿ ಒತ್ತಿ ಒಪ್ಪಬೇಕಿತ್ತು.

ವೀರಭದ್ರಪ್ಪ ಹನ್ನೊಂದು ದಿನ ಒತ್ತಲಿಲ್ಲ. ಪದ್ಮಾಕ್ಷಿ ಒಮ್ಮೆಯೂ ಕೇಳಲಿಲ್ಲ, ಒಂದಕ್ಷರ ಬರೆಯಲಿಲ್ಲ. ಹನ್ನೆರಡನೇ ದಿನ ಅವಳು ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದಾಗ, ಅವಳ ಎದುರಿಗೇ ಬಂದು ಒತ್ತಿದ. ಮುನ್ನೂರು ಹನ್ನೆರಡು ಮಾತು ಉದುರಿ ಹೋಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ನನ್ನನ್ನು ಕೊಂಡವರು ಕಡಿಮೆ. ಕಥೆ ಬಳಸಲು ಸಿನಿಮಾದವರು ಕೊಟ್ಟಿದ್ದ ಒಪ್ಪಿಗೆಯ ಅವಧಿ ಮುಗಿಯಿತು, ಅಂಗಡಿಗಳಿಂದ ನನ್ನನ್ನು ತೆಗೆದರು. ಮೈಸೂರಿನ ಕಂಪನಿಯೂ ಈಗಿಲ್ಲ. ಧಾರವಾಡದ ಮನೆಯ ಗೂಡಿನಲ್ಲಿ ಯಂತ್ರದೊಳಗೇ ಉಳಿದುಕೊಂಡಿದ್ದೇನೆ, ಮೇಲೊಂದು ಟವೆಲು ಹೊದ್ದು. ಹೊಸ ಕಣ್ಣು, ಹೊಸ ಚರ್ಮ ಕೊಟ್ಟು ನನ್ನನ್ನು ಎಬ್ಬಿಸಿದರು ನಿಜ. ಯಾರ ಮನೆಯಲ್ಲಿ ಎದ್ದು ಏನು ಮಾಡಿದೆ ಎಂದು ಯೋಚಿಸಿದರೆ, ಸತ್ತೇ ಇರಬಹುದಿತ್ತು ಅನಿಸುತ್ತದೆ.

ಮೊನ್ನೆ ಊಟಕ್ಕೆ ಕೂತಾಗ ವೀರಭದ್ರಪ್ಪ ಕೇಳಿದ್ದು ನನ್ನವರೆಗೂ ಕೇಳಿಸಿತು. "ನನ್ನ ಏನಂತ ಕರೀತಿದ್ದಿ ನೀ?"

ಪಾಟಿಯ ಮೇಲೆ ಕಡ್ಡಿ ಓಡುವ ಸಪ್ಪಳ. ಅವನು ಕನ್ನಡಕ ಹುಡುಕಿ ಹಾಕಿಕೊಂಡು, ತನ್ನ ಒಡಕು ದನಿಯಲ್ಲಿ ಗಟ್ಟಿಯಾಗಿ ಓದಿದ: "ಇಲ್ನೋಡ್ರಿ."

ಮತ್ತೊಮ್ಮೆ ಅಂದ, ಈ ಸಲ ಮೆತ್ತಗೆ, ಎಳೆದು: "ಇಲ್ನೋಡ್ರಿ..."

"ಹಿಂಗಲ್ಲ," ಎಂದ.