ಮಾಸ್ಟರ್ ಕತ್ತರಿ, ಟೈಲರಮ್ಮನ ಮೊಣಕಾಲು

ನಮ್ಮ ಬೀದಿಯ ಮೂಲೆಯಲ್ಲೊಂದು ಹೊಲಿಗೆ ಅಂಗಡಿ. ಗಂಡ ಬಟ್ಟೆ ಕತ್ತರಿಸುವ ಮಾಸ್ಟರ್, ಹೆಂಡತಿ ಹೊಲಿಯುವ ಟೈಲರಮ್ಮ. ಆಕೆ ಮೆಟ್ಟಿಲಿನಲ್ಲಿ ಜಾರಿಬಿದ್ದು ಮೊಣಕಾಲಿಗೆ ಆಪರೇಷನ್ ಆಯಿತು. ಡಾಕ್ಟರು ಹೊಲಿಗೆ ಬಿಚ್ಚಿ, "ಫಿಸಿಯೋಥೆರಪಿ ಶುರು ಮಾಡಿ, ಕಾಲು ಆಡಿಸಬೇಕು" ಎಂದು ಕಳಿಸಿದರು.

ಮಾಸ್ಟರ್ ಮಾಡಿದ್ದೇ ಬೇರೆ. ಸ್ಟೂಲಿನ ಮೇಲೆ ಹೊಸ ಬಟ್ಟೆ ಮಡಿಸಿ ಹಾಸಿ, ಹೆಂಡತಿಯ ಕಾಲನ್ನು ಅದರ ಮೇಲೆ ಚಾಚಿಸಿದರು. "ಅಲ್ಲಾಡಿಸ್ಬೇಡ. ಹೊಸ ಹೊಲಿಗೆ ಎಳೆದ್ರೆ ಬಿಟ್ಕೊಳ್ಳುತ್ತೆ. ನನಗೆ ಗೊತ್ತಿಲ್ವಾ?"

ಪ್ರೀತಿಯೇನೋ ನಿಜ. ಆದರೆ ಮೊಣಕಾಲು ಬಿಗಿದುಹೋಯಿತು.

ಎದುರುಮನೆಯ ನಿವೃತ್ತ ನರ್ಸ್ ಒಂದು ಬೆಳಿಗ್ಗೆ ಬಂದು ನೋಡಿದರು.

"ಏನ್ ಮಾಸ್ಟ್ರೇ, ಹೆಂಡ್ತೀನ ಶೋಕೇಸಲ್ಲಿ ಕೂರ್ಸಿದ್ದೀರಾ?"

"ರೆಸ್ಟ್ ಅಕ್ಕಾ, ರೆಸ್ಟ್."

"ಡಾಕ್ಟ್ರು ಆಡ್ಸು ಅಂದಿದ್ರು, ಇವ್ರು ಬಿಡಲ್ಲ," ಎಂದಳು ಟೈಲರಮ್ಮ. "ಮಷೀನ್ ತುಳಿಯೋ ಕಾಲು ಅಕ್ಕಾ. ಹೀಗೇ ಮರಗಟ್ಟಿಹೋದ್ರೆ?" ಆಕೆಯ ಕಣ್ಣು ತುಂಬಿತ್ತು.

ನರ್ಸ್ ಅಲ್ಲೇ ಕೂತು, ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿಸಿದರು. ಅಲ್ಲಿನ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮೊಣಕಾಲನ್ನು ಪರೀಕ್ಷಿಸಿ, "ಬಟ್ಟೆಗಾದ್ರೆ ದಾರವೇ ಗತಿ. ಇಲ್ಲಿ ಗಾಯ ತಾನೇ ಕೂಡ್ಕೊಂಡಿದೆ ಮಾಸ್ಟ್ರೇ, ಹೆದರ್ಬೇಡಿ" ಎಂದರು. ಯಾವ ವ್ಯಾಯಾಮ, ಎಷ್ಟು ಎಂದು ಗೊತ್ತುಮಾಡಿದರು. ಅದನ್ನು ದಿನಾ ಬಂದು ಮಾಡಿಸಲು ಪಕ್ಕದ ಬೀದಿಯಲ್ಲೇ ಇದ್ದ ತಮ್ಮ ಸಹಾಯಕಿಯನ್ನು ಕಳಿಸಿದರು.

ಆ ಹುಡುಗಿ ಬಂದವಳೇ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಮೊಣಕಾಲು ಮುಟ್ಟಿದಳು. ಮಾಸ್ಟರ್ ಕತ್ತರಿ ಹಿಡಿದೇ ಕಾವಲು ನಿಂತರು.

"ಶುರು ಮಾಡಿದ್ಮೇಲೆ ಡಬಲ್ ಮಾಡ್ಸಮ್ಮ, ಬೇಗ ಮುಗೀಲಿ."

"ಅದನ್ನ ಫಿಸಿಯೋ ಮೇಡಂ ಹೇಳ್ಬೇಕು ಅಣ್ಣಾ."

"ನೋವಿಗೆ ಮಾತ್ರೆ?"

"ಅದು ಡಾಕ್ಟ್ರು."

"ಎಲ್ಲಕ್ಕೂ ಅವ್ರನ್ನೇ ಕೇಳೋದಾದ್ರೆ ನೀನ್ಯಾಕಮ್ಮ?"

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. "ರೀ, ನೀವು ಕತ್ತರಿಸಿಕೊಟ್ಟ ಅಂಗೀನ ಕೇಳ್ದೇ ನಾನು ಒಂದು ಬೆರಳಷ್ಟು ಬಿಗಿ ಮಾಡಿದ್ರೆ?"

"ಅಂಗಡಿ ಮುಚ್ಚೋದೇ!"

"ಹಾಗಂತ ಹೊಲಿಯೋಳು ಬೇಡ್ವಾ?"

ಮಾಸ್ಟರ್ ಕತ್ತರಿ ಕೆಳಗಿಟ್ಟರು. ಹುಡುಗಿಗೆ ಕುರ್ಚಿ ಎಳೆದುಕೊಟ್ಟರು.

ಮುಂದೆ ಒಂದು ದಿನ ಮೊಣಕಾಲು ಊದಿಕೊಂಡಿತ್ತು. ಹುಡುಗಿ ಕೂಡಲೇ ವ್ಯಾಯಾಮ ನಿಲ್ಲಿಸಿ ಫೋನ್ ಮಾಡಿದಳು. ಫಿಸಿಯೋಥೆರಪಿಸ್ಟ್ ಬಂದು ನೋಡಿ ವ್ಯಾಯಾಮ ಬದಲಿಸಿದರು. "ಕೇಳಿದ್ದು ಒಳ್ಳೇದಾಯ್ತು" ಎಂದು ಮಾಸ್ಟರೇ ಬೀದಿಗೆಲ್ಲ ಹೇಳಿದರು.

ವಾರಗಳು ಕಳೆದವು. ಒಂದು ಮಧ್ಯಾಹ್ನ ಮೂಲೆಯ ಅಂಗಡಿಯಿಂದ ಪೆಡಲ್ ಸದ್ದು ಕೇಳಿತು. ಸ್ಟೂಲಿಗೆ ಹಾಸಿದ್ದ ಬಟ್ಟೆಯನ್ನು ಒಗೆದು ಒಣಗಿಸಿ ಮಾಸ್ಟರ್ ಕತ್ತರಿಸಿದ್ದರು. ಟೈಲರಮ್ಮ ಅದರಲ್ಲಿ ಆ ಹುಡುಗಿಗೊಂದು ಕೈಚೀಲ ಹೊಲಿಯುತ್ತಿದ್ದಳು.

ನಿಮ್ಮ ಮನೆಯಲ್ಲೂ ಯಾರದೋ ಕೈಯೋ ಕಾಲೋ ಹೀಗೆ ಬಿಗಿದು ಕೂತಿದೆಯೇ? ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಿ ಇವತ್ತೇ ವಿಚಾರಿಸಿ. ಮನೆಗೆ ಬರುವ ಸಹಾಯಕರು ಎಲ್ಲಿ ತರಬೇತಿ ಪಡೆದಿದ್ದಾರೆ, ಯಾವ ಫಿಸಿಯೋಥೆರಪಿಸ್ಟ್ ಕೈಕೆಳಗೆ ಕೆಲಸ ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. "ಕೇಳಿ ಹೇಳ್ತೀನಿ" ಎನ್ನುವವರನ್ನು ನಂಬಿ. ಅವರು ಬಂದಾಗ ಒಂದು ಕುರ್ಚಿ ಕೊಡಿ.